ಪುಣೆಯ ತೋಟಗಳೂ ಬೀಗ ಬಿದ್ದ ವಸಂತವೂ

2020ರ ಮಾರ್ಚ್ 25 ಚೈತ್ರ ಶುದ್ಧ ಪಾಡ್ಯ. ನಮಗೆ ಯುಗಾದಿ, ಪುಣೆಯವರಿಗೆ ಗುಡಿಪಾಡ್ವಾ. ಅಂದು ಕಾಲಿಟ್ಟ ಸಂವತ್ಸರದ ಹೆಸರು ಶಾರ್ವರಿ, ಅಂದರೆ ಇರುಳು. ದೇಶಕ್ಕೆ ದೇಶವೇ 21 ದಿನ ಮನೆಯೊಳಗಿರಬೇಕೆಂಬ ಆಜ್ಞೆ ಜಾರಿಗೆ ಬಂದದ್ದೂ ಅದೇ ದಿನ. ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 9ರಂದು, ಪುಣೆಯಲ್ಲೇ ಪತ್ತೆಯಾಗಿದ್ದರಿಂದ ಅಲ್ಲಿಯ ಭಯಕ್ಕೆ ಆಗಲೇ ವಯಸ್ಸಾಗಿತ್ತು. ಗುಡಿ ಎಂಬ ಸಿಂಗರಿಸಿದ ಕೋಲನ್ನು ಮನೆಮುಂದೆ ಏರಿಸಲು ಬೇವಿನ ಟೊಂಗೆ ಬೇಕು, ಹೂವಿನ ಮಾಲೆ ಬೇಕು, ಸಕ್ಕರೆಯ ಗಾಠಿ ಬೇಕು. ಪೇಟೆ ಮುಚ್ಚಿದ ಮೇಲೆ ಇವುಗಳಲ್ಲಿ ಬೇವೊಂದನ್ನು ಮಾತ್ರ ಅಂಗಳದ ಮರ ಕೊಡಬಲ್ಲದು, ಅದೂ ಅಂಗಳವಿದ್ದವರಿಗೆ. ಆ ಚೈತ್ರ ವೈಶಾಖಗಳಲ್ಲಿ ಕಿಟಕಿ, ಗ್ಯಾಲರಿ, ತಾರಸಿಗಳಿಗೆ ಸೀಮಿತವಾದ ಜನ ಎಷ್ಟೋ ವರ್ಷಗಳ ಮೇಲೆ ಹಕ್ಕಿಗಳ ದನಿ ಕೇಳಿದರು, ಮರ ಹೂಬಿಡುವುದನ್ನು ದಿನದಿನ ನೋಡಿದರು, ಸಂಕಟದ ನಡುವೆಯೂ ಸಂತೋಷಪಟ್ಟರು. ಪ್ರಕೃತಿ ಮರಳಿ ಬಂದಿದೆ ಎಂದು ಆಗ ಎಲ್ಲೆಲ್ಲೂ ಮಾತಾಯಿತು. ಆ ಸಂತೋಷ ನಿಜ, ಆ ವಿವರಣೆ ತಪ್ಪು. ಪುಣೆಯಲ್ಲಿ ಹಕ್ಕಿ ಮರಳಿ ಬರಲಿಲ್ಲ. ಹಕ್ಕಿ ಕೂರುವ ಮರವನ್ನು ಇನ್ನೂರೈವತ್ತು ವರ್ಷಗಳಿಂದ ಯಾರು ಯಾರೋ ನೆಟ್ಟು, ನೀರೆರೆದು, ಕೊಡಲಿಯಿಂದ ಕಾಯ್ದುಕೊಂಡು ಬಂದಿದ್ದರು. 2020ರ ವಸಂತದಲ್ಲಿ ಜನ ಉಂಡದ್ದು ಆ ದುಡಿಮೆಯ ಫಲ. ಮರ ಊರಿನಲ್ಲಿ ಹಂಚಿಹೋದ ಹಾಗೆಯೇ ಆ ಸಂತೋಷವೂ ಹಂಚಿಹೋಯಿತು.

ಹಕ್ಕಿಗಳು ಹೊಸದಾಗಿ ಬಂದವೇ ಎಂಬ ಪ್ರಶ್ನೆಗೆ ಪುಣೆಯಲ್ಲಿ ಉತ್ತರ ಹುಡುಕುವುದು ಸುಲಭ. ಭಾರತದ ಹಕ್ಕಿಗಳ ಬಗ್ಗೆ ಶಾಸ್ತ್ರೀಯವಾಗಿ ಬರೆದ ಮೊದಮೊದಲ ಪಟ್ಟಿಗಳಲ್ಲಿ ಒಂದು ಹುಟ್ಟಿದ್ದು ಈ ಸೀಮೆಯಲ್ಲೇ. ಪೇಶ್ವೆ ಆಳ್ವಿಕೆ ಮುಗಿದ ಮೇಲೆ ದಖ್ಖನ್ ಪ್ರಾಂತದ ಅಂಕಿ ಅಂಶ ಕಲೆಹಾಕಲು ಮುಂಬಯಿ ಸರ್ಕಾರ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. ಬೆಳೆ, ಕಂದಾಯ, ಜನಸಂಖ್ಯೆ ಬರೆದುಕೊಳ್ಳುತ್ತ ಊರೂರು ತಿರುಗಿದ ಸೈಕ್ಸ್ ಜೊತೆಗೇ ಹಕ್ಕಿಗಳನ್ನೂ ಬರೆದುಕೊಂಡ. ಅವನ ದಖ್ಖನ್ ಪಕ್ಷಿಗಳ ಪಟ್ಟಿ 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೂಲಕ ಅಚ್ಚಾಯಿತು. ಇನ್ನೂರಕ್ಕೂ ಹೆಚ್ಚು ಜಾತಿಗಳಿದ್ದ ಆ ಪಟ್ಟಿಯಲ್ಲಿ ಸೈಕ್ಸ್ ತಾನೇ ಮೊದಲು ಹೆಸರಿಟ್ಟ ಹಕ್ಕಿಗಳು ಯಾವುವು ನೋಡಿ: ಕೆರೆಯಂಚಿನಲ್ಲಿ ಕುತ್ತಿಗೆ ಮಡಚಿ ನಿಲ್ಲುವ ಕೊಳಬಕ, ಗುಂಪುಕಟ್ಟಿ ಗದ್ದಲ ಹಾಕುವ ದೊಡ್ಡ ಬೂದು ಹರಟೆಮಲ್ಲ, ಹೂಗಿಡಗಳ ಸಂದಿಯಲ್ಲಿ ಓಡಾಡುವ ಬೂದು ಉಲಿಯಕ್ಕಿ. ದಟ್ಟ ಕಾಡಿನ ಅಪರೂಪಗಳಲ್ಲ ಇವು, ಹೊಲ ಹಿತ್ತಿಲ ಹಕ್ಕಿಗಳು. ಉಲಿಯಕ್ಕಿಯಂತೂ ಹೆಬ್ಬೆರಳಿಗಿಂತ ತುಸು ದೊಡ್ಡದು. ಬೂದು ಬೆನ್ನು, ನಸುಗೆಂಪು ಹೊಟ್ಟೆ, ಸದಾ ಮೇಲೆತ್ತಿದ ಬಾಲ. ಪೊದೆಯಿಂದ ಪೊದೆಗೆ ಹಾರುವಾಗ ಚಿಟಿಕೆ ಹೊಡೆದಂಥ ಸದ್ದು ಬರುತ್ತದೆ. ಅಗಲ ಎಲೆಗಳನ್ನು ಜೇಡರ ಬಲೆಯ ಎಳೆಯಿಂದ ಹೊಲಿದು ಒಳಗೆ ಗೂಡು ಕಟ್ಟುತ್ತದೆ. ಲಾಕ್‌ಡೌನಿನಲ್ಲಿ ಕುಂಡದ ಗಿಡಕ್ಕೆ ಬಂದ ಈ ಹಕ್ಕಿಯನ್ನು ಯಾರಾದರೂ ಹೊಸ ಅತಿಥಿ ಎಂದುಕೊಂಡಿದ್ದರೆ, ಆ ಮನೆ ಕಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಇಲ್ಲಿಯ ನಿವಾಸಿ ಎಂದು ಸೈಕ್ಸನ ಪಟ್ಟಿ ಹೇಳುತ್ತದೆ.

ಹಾಗಾದರೆ ಬದಲಾದದ್ದು ಏನು? ಮೊದಲನೆಯದು ಸದ್ದು. ಪುಣೆ ದ್ವಿಚಕ್ರ ವಾಹನಗಳ ನಗರ. ಬೆಳಗಿನಿಂದ ರಾತ್ರಿಯವರೆಗೆ ಆ ಮೊರೆತ ನೆಲದ ಹಾಸಿನಂತೆ ಇರುತ್ತಿತ್ತು, ಅದು ಒಮ್ಮೆಗೇ ಎದ್ದುಹೋಯಿತು. ಇದರಿಂದ ಹಕ್ಕಿಗಳಿಗೆ ಏನಾಯಿತು ಎಂಬುದನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅಲ್ಲಿನ ಒಂದು ಜಾತಿಯ ಗುಬ್ಬಿಯ ಹಾಡನ್ನು ವರ್ಷಗಳಿಂದ ಧ್ವನಿಮುದ್ರಿಸುತ್ತಿದ್ದ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗರದ ಗದ್ದಲ 1950ರ ದಶಕದ ಮಟ್ಟಕ್ಕೆ ಇಳಿದಾಗ ಗುಬ್ಬಿಗಳು ಮೊದಲಿಗಿಂತ ಮೆಲ್ಲಗೆ ಹಾಡಿದವು, ಆದರೂ ಹಾಡು ಎರಡರಷ್ಟು ದೂರ ಕೇಳಿಸಿತು. ನಾವು ಕೂಗಾಡದ ಕಾರಣ ಅವೂ ಕೂಗಾಡಬೇಕಾಗಲಿಲ್ಲ. ಪುಣೆಯಲ್ಲಿ ಇಂಥ ಅಳತೆ ಬೇಕಾಗಿಯೇ ಇಲ್ಲ ಅನ್ನಿಸುವಂಥ ಒಂದು ಸಾಕ್ಷಿ ಆ ಊರಿನ ಮಾತಿನಲ್ಲೇ ಇದೆ. ನಾವು ಕಂಚುಕುಟಿಗ ಎನ್ನುವ ಪುಟ್ಟ ಹಸಿರು ಹಕ್ಕಿಗೆ ಮರಾಠಿಯಲ್ಲಿ ತಾಂಬಟ ಎಂದು ಹೆಸರು, ಅಂದರೆ ತಾಮ್ರ ಬಡಿಯುವವನು. ಕಸಬಾ ಪೇಠದಲ್ಲಿ ತಾಂಬಟ ಆಳಿ ಎಂದೇ ಒಂದು ಓಣಿ ಇದೆ. ಕೊಂಕಣದಿಂದ ಬಂದು ಪೇಶ್ವೆಯರ ಕಾಲದಲ್ಲಿ ನೆಲೆನಿಂತ ತಾಮ್ರಗಾರರದು. ಹಂಡೆ, ಬಿಂದಿಗೆ, ನೀರು ಕಾಯಿಸುವ ಬಂಬುಗಳ ಮೈಮೇಲೆ ಸುತ್ತಿಗೆಯಿಂದ ಒಂದರ ಪಕ್ಕ ಒಂದು ಗುಳಿ ಬೀಳುವಂತೆ ಬಡಿಯುವ ಕೆಲಸಕ್ಕೆ ಅವರು ಮಠಾರಕಾಮ್ ಎನ್ನುತ್ತಾರೆ. ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಹೊಳಪೂ ಬರುತ್ತದೆ. ಹಕ್ಕಿಯ ಕೂಗೂ ಹಾಗೆಯೇ: ಟುಕ್, ಟುಕ್, ಟುಕ್ ಎಂದು ಒಂದೇ ಲಯದಲ್ಲಿ, ನಿಮಿಷಕ್ಕೆ ನೂರರ ಆಸುಪಾಸು ಪೆಟ್ಟು, ಬಿಸಿಲೇರಿದಂತೆ ಇನ್ನೂ ಜೋರು. ಹಕ್ಕಿಗೆ ಆ ಹೆಸರಿಟ್ಟ ಜನ ಸುತ್ತಿಗೆಯ ಸದ್ದನ್ನೂ ಹಕ್ಕಿಯ ಸದ್ದನ್ನೂ ಒಟ್ಟಿಗೆ ಕೇಳಿದ್ದರು, ಎರಡನ್ನೂ ಹೋಲಿಸುವಷ್ಟು ಕಿವಿ ಅವರಿಗಿತ್ತು. 2020ರ ಏಪ್ರಿಲ್‌ನಲ್ಲಿ ಓಣಿಯ ಸುತ್ತಿಗೆಗೆ ಕೆಲಸವಿಲ್ಲ, ಮರದ ಮೇಲಿನ ಸುತ್ತಿಗೆಗೆ ಬಿಡುವಿಲ್ಲ. ಆಗ ಕೇಳಿದ ದನಿ ಹಳೆಯದು. ನಡುವೆ ಐವತ್ತು ಅರವತ್ತು ವರ್ಷ ಅದನ್ನು ಮುಚ್ಚಿದ್ದು ನಾವು.

ಎರಡನೆಯದು ಹೊತ್ತು. ಇದರ ಬಗ್ಗೆ ಯಾರೂ ಹೆಚ್ಚು ಬರೆಯಲಿಲ್ಲ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಪಿಕಳಾರದ ಗೂಡನ್ನು ತೆಗೆದುಕೊಳ್ಳಿ. ಮರಾಠಿಗರು ಬುಲ್‌ಬುಲ್ ಎನ್ನುವ ಈ ಹಕ್ಕಿ ಮನುಷ್ಯರ ಹತ್ತಿರ ಗೂಡು ಕಟ್ಟಲು ಹೆದರುವುದಿಲ್ಲ. ಗ್ಯಾಲರಿಯ ಬಳ್ಳಿ, ತೂಗುಹಾಕಿದ ಕುಂಡ, ಕಿಟಕಿಯ ಸರಳು ಯಾವುದಾದರೂ ನಡೆಯುತ್ತದೆ. ಒಣ ಕಡ್ಡಿ, ನಾರು, ಬೇರು ತಂದು ಬಟ್ಟಲಿನಂಥ ಗೂಡು ಕಟ್ಟಲು ಕೆಲವು ದಿನ. ನಸುಗೆಂಪು ಚುಕ್ಕೆಯ ಎರಡೋ ಮೂರೋ ಮೊಟ್ಟೆಗೆ ಕಾವು ಕೊಡಲು ಹೆಚ್ಚುಕಡಿಮೆ ಎರಡು ವಾರ. ಕಣ್ಣು ಬಿಡದ, ಪುಕ್ಕವಿಲ್ಲದ ಮರಿ ರೆಕ್ಕೆ ಬಲಿತು ಗೂಡಿನಿಂದ ಹೊರಬೀಳಲು ಇನ್ನೊಂದು ಹನ್ನೆರಡು ದಿನ. ಮೊದಲ ಕಡ್ಡಿಯಿಂದ ಮೊದಲ ಹಾರಾಟದವರೆಗೆ ಸುಮಾರು ಒಂದು ತಿಂಗಳು. ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರ ಗ್ಯಾಲರಿಯಲ್ಲಿ ಈ ನಾಟಕ ಪ್ರತಿವರ್ಷ ನಡೆದರೂ ಅವರಿಗೆ ಸಿಗುವುದು ಬಿಡಿ ದೃಶ್ಯಗಳು, ಕೊನೆಗೊಂದು ಖಾಲಿ ಗೂಡು. ಮಾರ್ಚ್ 25ರ ಲಾಕ್‌ಡೌನ್ ಏಪ್ರಿಲ್ 14ಕ್ಕೆ ಮುಗಿಯಬೇಕಿದ್ದದ್ದು ಮೇ 3ರವರೆಗೆ, ಆಮೇಲೆ 17ರವರೆಗೆ, ಕೊನೆಗೆ 31ರವರೆಗೆ ಬೆಳೆಯಿತು. ಅಷ್ಟರಲ್ಲಿ ಒಂದು ಜೋಡಿ ಎರಡು ಸಲ ಮರಿ ಮಾಡಬಹುದು. ಒಂದು ಗೂಡನ್ನು ಆರಂಭದಿಂದ ಕೊನೆಯವರೆಗೆ ನೋಡುವ ಭಾಗ್ಯ ನಗರದ ಮಧ್ಯಮವರ್ಗಕ್ಕೆ ಬಹುಶಃ ಮೊದಲ ಬಾರಿಗೆ ಸಿಕ್ಕಿತು. ಹಳ್ಳಿಯ ಅಜ್ಜಿಯರಿಗೆ ಇದು ದಿನನಿತ್ಯದ ಸಂಗತಿಯಾಗಿತ್ತು. ಪಂಚಾಂಗದ ಋತು ಮನಸ್ಸಿನ ಋತುವೂ ಆಗಬೇಕಾದರೆ ಹೀಗೆ ದಿನದ ಮೇಲೆ ದಿನ ಒಂದೇ ಜಾಗವನ್ನು ನೋಡುತ್ತ ಕೂರಬೇಕು.

ಸದ್ದು ಇಳಿದು ಹೊತ್ತು ಸಿಕ್ಕರೆ ಸಾಲದು, ಮರವೂ ಬೇಕು. ಪುಣೆಯ ಮರದ ಕತೆ ಶುರುವಾಗುವುದು ನೀರಿನಿಂದ. ಮುಠಾ ನದಿಯ ದಂಡೆಯ ಸಣ್ಣ ಕಸಬೆಯನ್ನು ಪೇಶ್ವೆಯರು ರಾಜಧಾನಿ ಮಾಡಿಕೊಂಡಾಗ ಕುಡಿಯುವ ನೀರಿಗೇ ತತ್ವಾರವಿತ್ತು. 1750ರ ಆಸುಪಾಸಿನಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜದಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಾಲುವೆಯಲ್ಲಿ ನೀರು ತಂದು ಪೇಠಗಳ ಹೌದುಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ತುಂಬಿಸಿದ. ಆ ನೀರಿನ ಬೆನ್ನಿಗೆ ಬಾಗುಗಳು, ಅಂದರೆ ತೋಟಗಳು, ಬಂದವು. ಪರ್ವತಿ ಗುಡ್ಡದ ಬುಡದಲ್ಲಿ ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಮಾಡಿದರು, ಕೆರೆಯ ನಡುಗಡ್ಡೆಯಲ್ಲಿ ಸಾರಸಬಾಗ್ ಎಂಬ ತೋಟ, ಪಕ್ಕದಲ್ಲಿ ಹೀರಾಬಾಗ್. ನಡುಗಡ್ಡೆಯ ಗಣಪತಿ ಗುಡಿ 1784ರದು. ಕೆರೆ ಬತ್ತಿಸಿ ಎಷ್ಟೋ ಕಾಲವಾದರೂ ಜನ ಇವತ್ತಿಗೂ ಅವನನ್ನು ಕೆರೆಯೊಳಗಿನ ಗಣಪತಿ ಎಂದೇ ಕರೆಯುತ್ತಾರೆ. ಇವೆಲ್ಲ ಅರಸೊತ್ತಿಗೆಯ ವಿಹಾರದ ಜಾಗಗಳು, ಸಾಮಾನ್ಯರ ಪಾಲಿಗೆ ಇದರಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವೇ. ತೋಟದೊಳಗೆ ವಿಹರಿಸಿದವರು ಬೇರೆ, ತೋಟದಲ್ಲಿ ದುಡಿದವರು ಬೇರೆ. ಆದರೆ ದುಡಿದವರ ಹೆಸರು ಪುಣೆಯ ಚರಿತ್ರೆಯಲ್ಲಿ ಅಳಿಸಿಹೋಗಲಿಲ್ಲ. ಪೇಶ್ವೆ ಅರಮನೆಗೆ ಹೂ ಪೂರೈಸುತ್ತಿದ್ದ ಮಾಳಿ ಮನೆತನವೊಂದಕ್ಕೆ ಆ ಕಸುಬಿನಿಂದಲೇ ಫುಲೆ ಎಂಬ ಹೆಸರು ಬಂತು. ಜ್ಯೋತಿಬಾ ಫುಲೆ ಹುಟ್ಟಿದ್ದು ಆ ಮನೆಯಲ್ಲಿ. ಅವರ ಪತ್ನಿ ಸಾವಿತ್ರಿಬಾಯಿ 1854ರಲ್ಲಿ ಪ್ರಕಟಿಸಿದ ಮೊದಲ ಕವನ ಸಂಕಲನದ ಹೆಸರು ಕಾವ್ಯಫುಲೆ. ಶಿಕ್ಷಣದ, ಸಮಾನತೆಯ ಪದ್ಯಗಳ ಜೊತೆಗೆ ಹಳದಿ ಸಂಪಿಗೆ, ಜಾಜಿ, ಗುಲಾಬಿಗಳ ಮೇಲಿನ ಪದ್ಯಗಳೂ ಅದರಲ್ಲಿವೆ. ಹೆಣ್ಣುಮಕ್ಕಳ ಶಾಲೆಗೆ ಹೋಗುವ ದಾರಿಯಲ್ಲಿ ಸಗಣಿ ಎರಚಿಸಿಕೊಂಡ ಹೆಂಗಸು ಹೂವಿನ ಬಗ್ಗೆಯೂ ಬರೆದಳು. ಹೂವು ಸುಖಪುರುಷರ ಸೊತ್ತು ಎನ್ನುವವರು ಇದನ್ನು ನೆನೆಯಬೇಕು.

ಇಂಗ್ಲಿಷರ ಕಾಲದಲ್ಲಿ ತೋಟಗಳು ನದಿ ದಾಟಿ ಹೊರಕ್ಕೆ ಹರಡಿದವು. ಮುಂಬಯಿಯ ದಾನಿ ಸರ್ ಜಮ್ಸೆಟ್‌ಜೀ ಜೀಜೀಭಾಯಿ ಹಣ ಕೊಟ್ಟು ಕಟ್ಟಿಸಿದ ಒಡ್ಡಿನ ಪಕ್ಕ ಬಂಡ್ ಗಾರ್ಡನ್ ಬಂತು. ಕ್ಯಾಂಪಿನಾಚೆ ಸೈನಿಕರ ತೋಟವಾಗಿದ್ದದ್ದು ವಿಕ್ಟೋರಿಯಾ ರಾಣಿ ಸಾಮ್ರಾಜ್ಞಿಯಾದ ಮೇಲೆ ಎಂಪ್ರೆಸ್ ಗಾರ್ಡನ್ ಆಯಿತು. ಅದರ 39 ಎಕರೆಯನ್ನು ಈಗಲೂ ನೋಡಿಕೊಳ್ಳುತ್ತಿರುವುದು 1830ರಲ್ಲಿ ಹುಟ್ಟಿದ ಪಶ್ಚಿಮ ಭಾರತದ ಕೃಷಿ ತೋಟಗಾರಿಕೆ ಸಂಘ. ಗವರ್ನರ್‌ಗೆ ಗಣೇಶಖಿಂಡದಲ್ಲಿ ಅರಮನೆ ಎದ್ದ ಹೊತ್ತಿಗೆ, 1873ರಲ್ಲಿ, ಅಲ್ಲೇ ಸಸ್ಯೋದ್ಯಾನವೂ ಶುರುವಾಯಿತು. ಅದರ ಮೇಲ್ವಿಚಾರಕ ಜಿ. ಮಾರ್ಷಲ್ ವುಡ್ರೊ ಭಾರತದ ತೋಟಗಾರಿಕೆಯ ಬಗ್ಗೆ ಬರೆದ ಕೈಪಿಡಿ ಹಲವು ಮುದ್ರಣ ಕಂಡಿತು. ಮುಂದೆ ಫರ್ಗ್ಯುಸನ್ ಕಾಲೇಜಿನ ಗುಡ್ಡ, ಕೃಷಿ ಕಾಲೇಜಿನ ಹೊಲಗಳು, ಡೆಕ್ಕನ್ ಜಿಮ್‌ಖಾನಾ ಕಡೆಯ ಬಂಗಲೆಗಳ ಅಂಗಳಗಳು ಇದಕ್ಕೆ ಸೇರಿಕೊಂಡವು. ಈ ತೋಟಗಳ ಗಿಡಗಳೆಲ್ಲ ಹಕ್ಕಿಗೆ ಒಂದೇ ಅಲ್ಲ ಎಂಬುದನ್ನು ಹೇಳಲೇಬೇಕು. ಮಡಗಾಸ್ಕರಿನಿಂದ ಬಂದ ಗುಲ್ಮೊಹರ್ ಕಣ್ಣಿಗೆ ಹಬ್ಬ, ಹಣ್ಣು ತಿನ್ನುವ ಹಕ್ಕಿಯ ಹೊಟ್ಟೆಗೆ ಉಪವಾಸ. ಆಲ, ಅರಳಿ, ಅತ್ತಿ ಹಣ್ಣುಬಿಟ್ಟರೆ ಕಂಚುಕುಟಿಗ, ಕೋಗಿಲೆ, ಬೂದು ಮಂಗಟ್ಟೆ ಎಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಬೂರುಗ, ಹಾಲುವಾಣ, ಮುತ್ತುಗ ಬರಿಮೈಯಲ್ಲಿ ಕೆಂಪು ಹೂ ಹೊತ್ತು ನಿಂತಾಗ ಸೂರಕ್ಕಿ, ಮೈನಾ, ಕಾಜಾಣಗಳಿಗೆ ಮಕರಂದದ ಅಂಗಡಿ ತೆರೆದಂತೆ. ಕಿಟಕಿಯಾಚೆ ಯಾವ ಮರವಿತ್ತು ಎಂಬುದರ ಮೇಲೆ 2020ರ ವಸಂತದಲ್ಲಿ ಯಾವ ಹಕ್ಕಿ ಕಂಡಿತು ಎಂಬುದು ನಿಂತಿತ್ತು.

ಪುಣೆಗೆ ಇಂಥ ವಸಂತ ಮೊದಲನೆಯದೇನೂ ಅಲ್ಲ. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಜಾರಿಗೆ ತಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದ್ದು 1897ರ ಫೆಬ್ರವರಿಯಲ್ಲಿ, ಪ್ಲೇಗಿಗಾಗಿ. ಆ ವರ್ಷದ ವಸಂತದಲ್ಲಿ ಡಬ್ಲ್ಯೂ. ಸಿ. ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಪೇಠಗಳ ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಅಡುಗೆಮನೆ ದೇವರಮನೆ ಬಿಡಲಿಲ್ಲ. ಆ ಅವಮಾನದ ಕಿಚ್ಚಿನಲ್ಲಿ ಜೂನ್ 22ರ ರಾತ್ರಿ ಚಾಫೇಕರ್ ಸೋದರರು ರ‍್ಯಾಂಡ್‌ಗೆ ಗುಂಡು ಹಾಕಿದ್ದು ಗಣೇಶಖಿಂಡದ ರಸ್ತೆಯಲ್ಲಿ, ಗವರ್ನರ್ ಬಂಗಲೆಯ ಉತ್ಸವ ಮುಗಿಸಿ ಅವನು ಹೊರಟಿದ್ದಾಗ. ಆಗಿನ ಪಿಡುಗಿಗೂ 2020ರದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೋವಿಡ್ ಕಾಲದಲ್ಲಿ ಮನೆಯೇ ಆಸರೆ, ಹೊರಗೇ ಅಪಾಯ. ಪ್ಲೇಗಿನಲ್ಲಿ ಮನೆಯೇ ಅಪಾಯ. ಇಲಿ ಬಿದ್ದವೆಂದರೆ ಊರು ಬಿಟ್ಟು ಹೊಲದಲ್ಲಿ, ತೋಪಿನಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ದಖ್ಖನಿನುದ್ದಕ್ಕೂ ರೂಢಿಯಾಯಿತು. ಹುಬ್ಬಳ್ಳಿ ಧಾರವಾಡದ ಹಿರಿಯರ ಬಾಯಲ್ಲಿ ಆ ಕತೆಗಳು ಮೊನ್ನೆ ಮೊನ್ನೆಯವರೆಗೂ ಇದ್ದವು. 1898ರ ಪ್ಲೇಗಿನ ನಂತರ ಬೆಂಗಳೂರಿನ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಂಗಳವಿರುವ ಮನೆ ಕಟ್ಟಿಕೊಂಡದ್ದೂ ಇದೇ ಪಾಠದಿಂದ. ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾ. ಯಶವಂತರಾವ್ ಪ್ಲೇಗ್ ರೋಗಿಗಳಿಗೆ ಚಿಕಿತ್ಸಾಲಯ ತೆರೆದದ್ದು ಊರೊಳಗಲ್ಲ, ಹಡಪ್ಸರದ ಕಡೆ ಊರ ಹೊರಗಿನ ಬಯಲಿನಲ್ಲಿ. ಮುಂಢವಾದ ದಲಿತ ಕೇರಿಯಿಂದ ರೋಗ ತಗುಲಿದ ಹುಡುಗನೊಬ್ಬನನ್ನು ತಾನೇ ಹೊತ್ತು ತಂದ ಸಾವಿತ್ರಿಬಾಯಿ ಅದೇ ರೋಗ ಅಂಟಿ 1897ರ ಮಾರ್ಚ್ 10ರಂದು ತೀರಿಕೊಂಡರು. ಗಾಳಿ, ಬೆಳಕು, ಗಿಡಮರ ಬದುಕಿಗೆ ಬೇಕೇ ಬೇಕು ಎಂಬುದನ್ನು ಪುಣೆ ಕಲಿತದ್ದು ಕಾವ್ಯದಿಂದಲ್ಲ, ಸಾವಿನಿಂದ.

ಅಷ್ಟು ಜನ ಸಾಯುತ್ತಿದ್ದಾಗ, ವಲಸೆ ಕೂಲಿಗಳು ಹೆದ್ದಾರಿಗಳಲ್ಲಿ ನೂರಾರು ಮೈಲಿ ನಡೆಯುತ್ತಿದ್ದಾಗ, ಹಕ್ಕಿ ನೋಡಿ ಖುಷಿಪಡುವುದು ಹೃದಯಹೀನತೆಯಲ್ಲವೇ ಎಂದು ಆಗಲೂ ಕೇಳಿದವರಿದ್ದರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಸೆರೆಯಲ್ಲಿದ್ದವರ ಅನುಭವ ಇದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ಆ ಸಾಕ್ಷಿಯೂ ಬಹುಪಾಲು ಪುಣೆಯದೇ, ಪುಣೆಯಲ್ಲಿ ಬೆಳೆದವರದೇ. ಸಾತಾರದಲ್ಲಿ ಹುಟ್ಟಿ, ಬಾಲ್ಯವನ್ನು ಕಾರವಾರ, ಬೆಳಗಾವಿ, ಧಾರವಾಡದ ಕಡೆ ಕಳೆದು, ಫರ್ಗ್ಯುಸನ್ನಿನಲ್ಲಿ ಓದಿದ ಕಾಕಾ ಕಾಲೇಲ್ಕರ್ 1923ರ ಸುಮಾರಿಗೆ ಸಾಬರಮತಿ ಜೈಲಿನಲ್ಲಿದ್ದರು. ಅಲ್ಲಿನ ಗೋಡೆ, ಇರುವೆ, ಅಳಿಲು, ಕಾಗೆ, ಮರಗಳ ಬಗ್ಗೆಯೇ ಗುಜರಾತಿಯಲ್ಲಿ ಒಂದು ಪುಸ್ತಕ ಬರೆದರು, ಉತ್ತರ ದಿಕ್ಕಿನ ಗೋಡೆಗಳು ಎಂಬ ಅರ್ಥದ ಹೆಸರಿನದು. 1930ರಲ್ಲಿ ಅವರು ಗಾಂಧೀಜಿಯ ಜೊತೆ ಯರವಡಾ ಜೈಲಿನಲ್ಲಿದ್ದರು. ಅದೇ ಯರವಡಾದ ಅಂಗಳದ ಮಾವಿನ ಮರದಡಿ ಮಂಚದಲ್ಲಿ ಮಲಗಿ 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಉಪವಾಸ ಮಾಡಿದರು, ಅಂಬೇಡ್ಕರರೊಂದಿಗಿನ ಮಾತುಕತೆ ನಡೆದು ಪುಣೆ ಒಪ್ಪಂದವಾಯಿತು. ಹತ್ತು ವರ್ಷದ ಮೇಲೆ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಮೊದಲ ವಾರದಲ್ಲೇ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಸತ್ತರು, 1944ರ ಫೆಬ್ರವರಿಯಲ್ಲಿ ಪತ್ನಿ ಕಸ್ತೂರಬಾ. ಅರಮನೆಯ ಆವರಣದಲ್ಲೇ ದಹನವಾದ ಆ ಜಾಗಕ್ಕೆ ಗಾಂಧೀಜಿ ದಿನವೂ ನಡೆದುಹೋಗಿ ತೋಟದ ಹೂ ಇಡುತ್ತಿದ್ದರು. ನೆರೆಯ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಅದೇ ವರ್ಷಗಳಲ್ಲಿ ನೆಹರೂ ಗಟ್ಟಿ ನೆಲ ಅಗೆದು ಹೂದೋಟ ಮಾಡಿದರು. ಇವರಲ್ಲಿ ಯಾರಿಗೂ ಹೊರಗಿನ ದುಃಖ ಮರೆತಿರಲಿಲ್ಲ. ಹೂವಿನ ಕಡೆ, ಹಕ್ಕಿಯ ಕಡೆ ಕಣ್ಣು ಹರಿಸುವುದು ಸಂಕಟದಿಂದ ಮುಖ ತಿರುಗಿಸುವುದಲ್ಲ, ಸಂಕಟವನ್ನು ತಡೆದುಕೊಳ್ಳುವ ದಾರಿ. 2020ರಲ್ಲಿ ಮನೆಯೊಂದರಲ್ಲಿ ಕಾಯಿಲೆ, ಪಕ್ಕದಲ್ಲಿ ಸಾವು, ಫೋನಿನಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ ಅಂಗಲಾಚುವಿಕೆ ಇದ್ದ ದಿನವೂ ಬೆಳಗಿನ ಮಡಿವಾಳ ಹಕ್ಕಿಯ ಸಿಳ್ಳು ಕೇಳಿ ಉಸಿರು ಹಗುರಾದವರನ್ನು ಹೃದಯಹೀನರೆನ್ನಲು ನನ್ನಿಂದಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಈ ಸಂತೋಷ ಅಂಗಳ, ಗ್ಯಾಲರಿ, ತಾರಸಿ ಇದ್ದವರದು ಮಾತ್ರ, ಚಾಳಿನ ಹತ್ತಡಿ ಕೋಣೆಯಲ್ಲಿ ಆರು ಜನರಿದ್ದ ಮನೆಗೆ ಯಾವ ವಸಂತ ಬಂತು? ಇದನ್ನು ಅಲ್ಲಗಳೆಯಲಾಗದು, ಅಲ್ಲಗಳೆಯಬಾರದು. ಸೋಂಕು ಮೊದಲು ಮುತ್ತಿದ್ದು ಭವಾನಿ ಪೇಠದಂಥ ಇಕ್ಕಟ್ಟಿನ ಹಳೆಯ ಪೇಠಗಳನ್ನು. ಏಪ್ರಿಲ್‌ನಲ್ಲಿ ಅವುಗಳ ರಸ್ತೆಗಳಿಗೆ ತಗಡು, ಬಿದಿರು ಅಡ್ಡಗಟ್ಟಿದರು. ಸಾರ್ವಜನಿಕ ಉದ್ಯಾನಗಳಿಗೆ ಬೀಗ. ಆ ವರ್ಷದ ಜುಲೈ–ಆಗಸ್ಟ್‌ನಲ್ಲಿ ಐದು ಪ್ರಭಾಗಗಳಲ್ಲಿ, ಅಂದರೆ ವಾರ್ಡುಗಳಲ್ಲಿ, ನಡೆದ ರಕ್ತಪರೀಕ್ಷೆಯ ಸಮೀಕ್ಷೆ 51.5 ಪ್ರತಿಶತ ಜನರಿಗೆ ಆಗಲೇ ಸೋಂಕು ತಗುಲಿ ಹೋಗಿದೆಯೆಂದು ತೋರಿಸಿತು. ಅಪಾರ್ಟ್‌ಮೆಂಟುಗಳಲ್ಲಿ ಅದು ಮೂವರಲ್ಲಿ ಒಬ್ಬರು, ಗುಡಿಸಲು ಪ್ರದೇಶಗಳಲ್ಲಿ ಅರ್ಧಕ್ಕೂ ಹೆಚ್ಚು. ಜಾಗವಿದ್ದವರಿಗೆ ಆರೋಗ್ಯವೂ ಇತ್ತು, ಹಕ್ಕಿಯ ಹಾಡೂ ಇತ್ತು. ಆದರೆ ಹಳೆಯ ಪೇಠಗಳು ಸದಾ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪುಣೆಯ ವಾಡೆ ಎಂದರೆ ನಡುವೆ ತೆರೆದ ಚೌಕ, ಚೌಕದಲ್ಲಿ ತುಳಸಿ ವೃಂದಾವನ, ಬಾವಿ ಅಥವಾ ಹೌದು, ಗೋಡೆಯಂಚಿಗೆ ಪಾರಿಜಾತವೋ ಸಂಪಿಗೆಯೋ. ಚೈತ್ರಗೌರಿಯ ಅರಿಸಿನ ಕುಂಕುಮಕ್ಕೆ ಹೆಂಗಸರು ಸೇರಿ ಮಾವಿನಕಾಯಿಯ ಡಾಳ್, ಪನ್ಹೆ ಹಂಚಿಕೊಳ್ಳುತ್ತಿದ್ದದ್ದು ಆ ಚೌಕದಲ್ಲಿ. ಅಲ್ಲಿಯೂ ಜಾತಿ ಇತ್ತು, ವಿಧವೆಯರ ಪಾಲಿಗೆ ಆ ಅರಿಸಿನ ಕುಂಕುಮ ಇರಲಿಲ್ಲ. ಅದನ್ನು ಸ್ವರ್ಗ ಎನ್ನುತ್ತಿಲ್ಲ. ಬಾಡಿಗೆಗಿದ್ದ ಹತ್ತು ಸಂಸಾರಗಳಿಗೆ ಒಂದು ತುಂಡು ಆಕಾಶ, ಒಂದು ಮರ ಪಾಲಿಗೆ ಬರುತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನದಿಯಂಚಿನ ಪೇಠಗಳ ಎಷ್ಟೋ ವಾಡೆಗಳು ನೆಲಕಚ್ಚಿದವು. ಉಳಿದವನ್ನು ಆಮೇಲೆ ಒಂದೊಂದಾಗಿ ಕೆಡವಿ ಕಟ್ಟಡ ಕಟ್ಟಿದರು. ಚೌಕ ಕಾಂಕ್ರೀಟಾಯಿತು, ಪಾರಿಜಾತ ಹೋಯಿತು. ಹೀಗಾಗಿ ಭವಾನಿ ಪೇಠದ ಮಗುವಿಗೆ 2020ರಲ್ಲಿ ಹಕ್ಕಿ ಕಾಣದೇ ಹೋದದ್ದು ಹಕ್ಕಿಯ ತಪ್ಪಲ್ಲ, ಬಡತನದ ಸಹಜ ಫಲವೂ ಅಲ್ಲ. ಅದು ಊರು ಬೆಳೆಸಿದ ರೀತಿಯ ಫಲ. ಹೀಗೆ ನೋಡಿದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ಬಲವನ್ನೇ ಕೊಡುತ್ತದೆ. ಸಂತೋಷ ಕೆಲವರಿಗೆ ಮಾತ್ರ ಸಿಕ್ಕಿದ್ದು ತಪ್ಪು ಎಂದಾದರೆ ತಪ್ಪಿರುವುದು ಸಂತೋಷದಲ್ಲಲ್ಲ, ಕೆಲವರಿಗೆ ಎಂಬುದರಲ್ಲಿ.

ಮರ ಉಳಿಸಿಕೊಂಡವರ ಕತೆ ಪುಣೆಯಲ್ಲಿ ನಿನ್ನೆಯದಲ್ಲ. ನಗರಗಳ ಮರಗಳಿಗೆ ರಕ್ಷಣೆ ಕೊಡುವ ಕಾನೂನನ್ನು ಮಹಾರಾಷ್ಟ್ರ 1975ರಲ್ಲೇ ಮಾಡಿತು. ನಗರಕ್ಕೆ ಹೊಸದಾಗಿ ಸೇರಿದ 23 ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 978 ಹೆಕ್ಟೇರನ್ನು ಕಟ್ಟಡಗಳಿಗೆ ಬಿಡದೆ ಜೀವವೈವಿಧ್ಯ ಉದ್ಯಾನವಾಗಿ ಕಾಯ್ದಿರಿಸಬೇಕೆಂದು ನಾಗರಿಕರು ವರ್ಷಗಟ್ಟಲೆ ಹೋರಾಡಿ ಸರ್ಕಾರದ ಒಪ್ಪಿಗೆ ಪಡೆದರು. ಯರವಡಾ ಕಡೆಯ ಮುಳಾ–ಮುಠಾ ದಂಡೆಯ ಕುರುಚಲನ್ನು ಡಾ. ಸಾಲಿಂ ಅಲಿಯವರ ಹೆಸರಿನ ಪಕ್ಷಿಧಾಮವೆಂದು ಉಳಿಸಿಕೊಳ್ಳಲು ಇಂದಿಗೂ ಹೆಣಗುತ್ತಿದ್ದಾರೆ. ಲಾಕ್‌ಡೌನ್ ಮುಗಿದು ಮೂರು ವರ್ಷವಾಗುವಷ್ಟರಲ್ಲಿ ನದಿದಂಡೆಯ ಸುಂದರೀಕರಣದ ಹೆಸರಿನಲ್ಲಿ ಬಂಡ್ ಗಾರ್ಡನ್ ಆಸುಪಾಸಿನ ಮರಗಳಿಗೆ ಕೊಡಲಿ ಬೀಳುವುದೆಂದಾಗ ಸಾವಿರಾರು ಜನ ಬೀದಿಗಿಳಿದರು. ವೇತಾಳ ಟೇಕಡಿ ಎಂಬ ಗುಡ್ಡವನ್ನು ಸೀಳುವ ರಸ್ತೆಯ ವಿರುದ್ಧವೂ ಅದೇ ವರ್ಷ ಜನ ಎದ್ದರು. ರಸ್ತೆ ಬೇಡವೇ, ಊರು ಬೆಳೆಯುವುದು ಬೇಡವೇ ಎಂದು ಕೇಳುವವರಿಗೆ ಪುಣೆಯ ಚರಿತ್ರೆಯೇ ಉತ್ತರ ಕೊಡುತ್ತದೆ: ಊರು ಬೆಳೆದಾಗಲೆಲ್ಲ ತೋಟವನ್ನೂ ಬೆಳೆಸಿದ ಕಾಲಗಳು ಇಲ್ಲಿ ಇದ್ದವು, ಪೇಶ್ವೆ ಕಾಲುವೆಯ ಕಾಲವೂ ಅಂಥದ್ದೇ. ಆಲದ ಗಿಡವೊಂದು ಕಂಚುಕುಟಿಗಕ್ಕೆ ಹಣ್ಣು ಕೊಡುವಷ್ಟು ಬೆಳೆಯಲು ಹಲವು ಮಳೆಗಾಲ ಬೇಕು. ಮುಂದಿನ ಬೀಗ ಯಾವಾಗ ಬೀಳುವುದೋ ಯಾರಿಗೆ ಗೊತ್ತು. ಅದಕ್ಕೆ ಬೇಕಾದ ಗಿಡವನ್ನು ಪೇಠಗಳ ಓಣಿಗಳಲ್ಲಿ, ಶಾಲೆಯಂಗಳಗಳಲ್ಲಿ, ಚಾಳುಗಳ ಮುಂದೆ ಈಗಲೇ ನೆಡಬೇಕು. ವುಡ್ರೊ ನೋಡಿಕೊಂಡ, ರ‍್ಯಾಂಡ್ ಗುಂಡು ತಿಂದ ದಾರಿಯ ತುದಿಯಲ್ಲಿರುವ ಗಣೇಶಖಿಂಡದ ತೋಟವನ್ನು ಮಹಾರಾಷ್ಟ್ರ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಅದೇ 2020ರಲ್ಲಿ. ಅದರ ವಿಸ್ತಾರ ಸುಮಾರು 33 ಹೆಕ್ಟೇರು.